ವಾದ್ಯದ ಅಂಗಡಿಯಲ್ಲಿ ಕೆಲಸಕ್ಕೆ ಸೇರಬೇಕು ಅಂದ್ರೆ ನಿಜವಾಗಿ ಏನೇನು ಕಲಿತಿರಬೇಕು?

ಹೊಸಬ_ಆರುತಂತಿ:
ಎಲ್ಲರಿಗೂ ನಮಸ್ಕಾರ. ಸಂಗೀತ ವಾದ್ಯ ಮಾರುವ ಅಂಗಡಿಗೆ ಸೇರಿ, ಮುಂದೆ ಮ್ಯಾನೇಜರ್ ಆಗೋದೋ ಅಥವಾ ಸ್ಟಾಕ್ ಖರೀದಿ ನೋಡಿಕೊಳ್ಳೋದೋ, ಒಟ್ಟಿನಲ್ಲಿ ಅದೇ ಕ್ಷೇತ್ರದಲ್ಲಿ ಉಳಿಯೋ ಯೋಚನೆ. ಗಿಟಾರ್ ಸುಮಾರಾಗಿ ಬರುತ್ತೆ, ಕೀಬೋರ್ಡ್ ಅಲ್ಪಸ್ವಲ್ಪ. ಮ್ಯೂಸಿಕ್ ಬಿಸಿನೆಸ್ ಡಿಗ್ರಿ ಬೇಕಾ? ಸೇರೋ ಮುಂಚೆ ಮನೆಯಲ್ಲೇ ಏನು ಅಭ್ಯಾಸ ಮಾಡಬಹುದು? ಇಂಟರ್‌ವ್ಯೂನಲ್ಲಿ ನುಡಿಸಿ ತೋರಿಸು ಅಂತಾರಾ? "ಚೆನ್ನಾಗಿ ನುಡಿಸಿದ್ರೆ ಸಾಕು" ಅಂತ ಕೆಲವರು, "ಮಾತು ಬಂದ್ರೆ ಸಾಕು, ಸಂಗೀತ ಬೇಕಿಲ್ಲ" ಅಂತ ಇನ್ನು ಕೆಲವರು. ಯಾರ ಮಾತು ಕೇಳಲಿ?

ಬೆಂಚ್ ಮೇಷ್ಟ್ರು:
ಇಬ್ಬರೂ ಅರ್ಧರ್ಧ ಹೇಳಿದ್ದಾರೆ. ಅಂಗಡಿಯಲ್ಲಿ ಸೋಲೋ ಬಾರಿಸೋ ಕೈಗಿಂತ, ತಂತಿ ಹಾಕಿ ಶ್ರುತಿ ನಿಲ್ಲಿಸೋ ಕೈಗೆ ಬೆಲೆ ಜಾಸ್ತಿ. ಗಿಟಾರ್ ಬರುತ್ತೆ ಅಂದ್ರಲ್ಲ, ಹಾಗಾದ್ರೆ ಸೆಟಪ್ಪಿಂದಲೇ, ಅಂದರೆ ವಾದ್ಯವನ್ನ ನುಡಿಸೋಕೆ ಹದ ಮಾಡೋದರಿಂದಲೇ ಶುರುಮಾಡಿ.

ಮೊದಲು ಹೊಸ ತಂತಿ ಹಾಕಿ ಪೂರ್ತಿ ಶ್ರುತಿಗೆ ತನ್ನಿ. ಕತ್ತು ಬಾಗೋದೇ ತಂತಿಯ ಎಳೆತದಿಂದ, ಹಾಗಾಗಿ ಸಡಿಲ ತಂತಿಯಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ. ಆಮೇಲೆ 1ನೇ ಫ್ರೆಟ್‌ಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಕೇಪೋ (ತಂತಿಗಳನ್ನ ಒತ್ತಿ ಹಿಡಿಯೋ ಕ್ಲಿಪ್ಪು) ಹಾಕಿ, ಕತ್ತು ಮೈಗೆ ಸೇರೋ ಫ್ರೆಟ್‌ನಲ್ಲಿ (ಅಕೌಸ್ಟಿಕ್‌ನಲ್ಲಿ ಸಾಮಾನ್ಯವಾಗಿ 14ನೇದು) ದಪ್ಪ ತಂತಿ ಒತ್ತಿ ಹಿಡಿದು, 7ನೇ ಫ್ರೆಟ್ ಮೇಲಿನ ಸಂದು ಎಷ್ಟಿದೆ ಅಂತ ಫೀಲರ್ ಗೇಜ್‌ನಲ್ಲಿ (ಸಂದು ಅಳೆಯೋ ತೆಳು ತಗಡುಗಳು) ನೋಡಿ. 0.1ರಿಂದ 0.3 ಮಿ.ಮೀ. ಒಳಗಿದ್ದರೆ ಟ್ರಸ್ ರಾಡ್ (ಕತ್ತಿನೊಳಗಿನ ಲೋಹದ ಕಂಬಿ) ಮುಟ್ಟೋದೇ ಬೇಡ. ಜಾಸ್ತಿ ಇದ್ದರೆ ಗಡಿಯಾರದ ದಿಕ್ಕಿಗೆ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ಶ್ರುತಿಗೆ ತಂದು ಮತ್ತೆ ಅಳೆಯಿರಿ. ಒಂದೇ ಸಲಕ್ಕೆ ಪೂರ್ತಿ ಸುತ್ತು ತಿರುಗಿಸೋರು ರಾಡ್ ಹಾಳು ಮಾಡ್ತಾರೆ. ಸೈಜ್ ಹೊಂದದ ಆಲನ್ ಕೀ ತೂರಿಸೋರು ಅದರ ತಲೆಯ ಮೂಲೆ ಸವೆಸ್ತಾರೆ. ಮಿಲಿಮೀಟರ್ ಸೆಟ್ ಮತ್ತು ಇಂಚಿನ ಸೆಟ್ ಎರಡೂ ಇಟ್ಟುಕೊಳ್ಳಿ.

ಇದಾದ ಮೇಲೆ ಆಕ್ಷನ್, ಅಂದರೆ 12ನೇ ಫ್ರೆಟ್‌ನ ಮೇಲೆ ತಂತಿಯ ಎತ್ತರ. ಅಕೌಸ್ಟಿಕ್‌ಗೆ ದಪ್ಪ ತಂತಿ 2.5, ಸಣ್ಣ ತಂತಿ 2 ಮಿ.ಮೀ. ಸುತ್ತಮುತ್ತ ಇರಲಿ. ಎಲೆಕ್ಟ್ರಿಕ್‌ಗೆ 2 ಮತ್ತು 1.5. ನೈಲಾನ್ ತಂತಿಯ ಕ್ಲಾಸಿಕಲ್‌ಗೆ 4 ಮತ್ತು 3 ಇದ್ದರೂ ನಡೆಯುತ್ತೆ, ಯಾಕಂದ್ರೆ ಆ ತಂತಿ ಅಗಲವಾಗಿ ಆಡುತ್ತೆ. ಕೊನೆಗೆ ಇಂಟೊನೇಶನ್, ಅಂದರೆ ಕತ್ತಿನ ಉದ್ದಕ್ಕೂ ಸ್ವರ ಸರಿ ಬರೋದು. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ, ಅದೇ ಜಾಗದ ಹಾರ್ಮೋನಿಕ್‌ಗಿಂತ (ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರೋ ಸ್ವರ) ಏರಿದ್ದರೆ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರೋ ಪಟ್ಟಿ) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಆಕ್ಷನ್ ಇಳಿಸೋಕೆ ಟ್ರಸ್ ರಾಡ್ ತಿರುಗಿಸೋದು ಹೊಸಬರು ಮಾಡೋ ಮೊದಲನೇ ಅನಾಹುತ. ರಾಡ್ ಇರೋದು ಬಾಗು ಸರಿಮಾಡೋಕೆ ಮಾತ್ರ. ಎತ್ತರಕ್ಕೆ ಸ್ಯಾಡಲ್ ಇದೆ.

ನಟ್_ಬೋಲ್ಟ್:
ಮೇಷ್ಟ್ರೇ, ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರೋ ಸಣ್ಣ ಪಟ್ಟಿ) ಬಿಟ್ಟೇ ಬಿಟ್ರಲ್ಲ. ಅಗ್ಗದ ಗಿಟಾರ್ ಒತ್ತೋಕೆ ಕಷ್ಟ ಅಂತ ಬರೋ ದೂರಿನಲ್ಲಿ ಮುಕ್ಕಾಲು ಪಾಲು ನಟ್ ಎತ್ತರದ್ದೇ. 3ನೇ ಫ್ರೆಟ್ ಹಿಂದೆ ತಂತಿ ಒತ್ತಿ, 1ನೇ ಫ್ರೆಟ್ ಮೇಲಿನ ಸಂದು ನೋಡಿ. ಕಣ್ಣಿಗೆ ಕಾಣೋದೋ ಇಲ್ಲವೋ ಅನ್ನೋಷ್ಟು ಮಾತ್ರ ಇರಬೇಕು. ದೊಡ್ಡದಿದ್ದರೆ ಕಲಿಯೋ ಹುಡುಗನಿಗೆ ಎಫ್ ಕಾರ್ಡ್ ಈ ಜನ್ಮದಲ್ಲಿ ಬರಲ್ಲ. ಹಾಗಂತ ಫೈಲ್ ಎತ್ತಿಕೊಂಡು ಉಜ್ಜೋಕೆ ಹೋಗಬೇಡಿ. ಒಂದು ಎಳೆ ಜಾಸ್ತಿ ಉಜ್ಜಿದರೆ ಖಾಲಿ ತಂತಿ ಝರ್ ಅನ್ನುತ್ತೆ, ಆಮೇಲೆ ಹೊಸ ನಟ್ಟೇ ಗತಿ. ಗುರುತಿಸೋದು ಕೌಂಟರಿನವನ ಕೆಲಸ, ಉಜ್ಜೋದು ರಿಪೇರಿ ಬೆಂಚಿನವನ ಕೆಲಸ.

ಬೆಂಚ್ ಮೇಷ್ಟ್ರು:
ಸರಿ, ಒಪ್ಪಿದೆ. ಆಕ್ಷನ್‌ಗಿಂತ ಮುಂಚೆ ನಟ್ ಸೇರಿಸಿಕೊಳ್ಳಿ.

ಸುಮ್ನೆ_ಓದೋನು:
ಗುರು, ಇದೆಲ್ಲ ರಿಪೇರಿ ಮಾಡೋರ ತಲೆನೋವು. ಮಾರೋನಿಗೆ ಫೀಲರ್ ಗೇಜ್ ಯಾಕೆ?

ಕೌಂಟರ್ ಕಾಕಾ:
ಯಾಕಂದ್ರ ಗಿರಾಕಿ ಕೈಗೆ ವಾದ್ಯ ಕೊಡಾಂವ ಮಾರಾಂವನ ಅದಾನಲ್ರಿ. ಗ್ವಾಡಿ ಮ್ಯಾಲಿನ ಗಿಟಾರ್ ಶ್ರುತಿ ತಪ್ಪಿತ್ತಂದ್ರ ಎಷ್ಟ್ ಚಂದ ಮಾತಾಡಿದ್ರೂ ಉಪಯೋಗಿಲ್ಲ. ಮುಂಜಾನೆ ಬಾಗಿಲಾ ತೆಗದ ಕೂಡ್ಲೆ ಮಾಡೂದು ಇದ ನೋಡ್ರಿ: ತೇವಾಂಶದ ಮೀಟರ್ ನೋಡೂದು, ಎಲ್ಲಾ ಗಿಟಾರ್ ಶ್ರುತಿಗೆ ತರೂದು, ತುಕ್ಕು ಹಿಡದ ತಂತಿ ತಗದ ಹಾಕೂದು.

ತೇವಾಂಶ 45ರಿಂದ 55 ಪರ್ಸೆಂಟ್ ಒಳಗ ಇರಬೇಕ್ರಿ. 40ರ ಕೆಳಗ ಹೋತಂದ್ರ ಕಟ್ಟಿಗಿ ಕುಗ್ಗತದ, ಫ್ರೆಟ್ ತುದಿ ಹೊರಗ ಬಂದು ಕೈಗೆ ಚುಚ್ಚತಾವ, ಮ್ಯಾಲಿನ ಹಲಗಿ ಸೀಳತದ. 60 ದಾಟಿದ್ರ ಹಲಗಿ ಉಬ್ಬಿ ಆಕ್ಷನ್ ಏರತದ, ತಂತಿ ಕಟ್ಟೂ ಬ್ರಿಜ್ ಹಲಗಿಯಿಂದ ಏಳಾಕ ಶುರು ಆಗತದ. ಬ್ರಿಜ್ ಹಿಂದಿನ ಅಂಚಿಗೆ ಒಂದು ತೆಳು ಕಾಗದ ತೂರಿಸಿ ನೋಡ್ರಿ. ಒಳಗ ಹೋತಂದ್ರ ಆ ಪೀಸ್ ಮಾರಾಕ ಇಡಬ್ಯಾಡ್ರಿ. ಮತ್ತ ಪಾರ್ಸಲ್ ಬಂದ ಕೂಡ್ಲೆ ಡಬ್ಬಿ ಹರೀಬ್ಯಾಡ್ರಿ. ಲಾರಿಯೊಳಗಿನ ಹವಾ ಬ್ಯಾರೆ, ಅಂಗಡಿ ಹವಾ ಬ್ಯಾರೆ. ಒಂದಿನ ಹಂಗ ಬಿಟ್ಟು ಆಮ್ಯಾಲ ಬಿಚ್ರಿ. ಥಂಡಿ ಗಿಟಾರ್ ಒಮ್ಮೆಲೆ ಬಿಸಿ ಕೋಣಿಗೆ ಬಂತಂದ್ರ ಪಾಲಿಶ್ ಸಣ್ಣಗ ಬಿರಕ್ ಬಿಡತದ.

ಹ್ಯಾಂಗರ್ ಬಗ್ಗೆನೂ ತಿಳಕೊಂಡಿರ್ರಿ. ನೈಟ್ರೋಸೆಲ್ಯುಲೋಸ್ ಪಾಲಿಶ್ ಇದ್ದ ಗಿಟಾರ್ ಕೆಲವು ರಬ್ಬರ್ ಹ್ಯಾಂಗರಿಗೆ ತಗಲಿದ್ರ ಪಾಲಿಶ್ ಕರಗಿ ಅಂಟತದ. ಹ್ಯಾಂಗರಿಗೆ ಹತ್ತಿ ಬಟ್ಟಿ ಸುತ್ರಿ.

ವೋಲ್ಟ್_ಓಮ್:
ಗಿಟಾರ್ ಬಿಟ್ಟು ಸ್ವಲ್ಪ ಈ ಕಡೆಗೂ ಬನ್ನಿ. "ಹಾಳಾಗಿದೆ" ಅಂತ ವಾಪಸ್ ಬರೋ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ತುಂಬಾ ಪಾಲು ಹಾಳೇ ಆಗಿರಲ್ಲ, ಹಾಕಿರೋ ಕೇಬಲ್ಲೋ ಅಡಾಪ್ಟರೋ ಬೇರೆ ಇರುತ್ತೆ. ಇಷ್ಟು ಬಾಯಿಪಾಠ ಆಗಿರಲಿ:

ಅಡಾಪ್ಟರ್: ವೋಲ್ಟೇಜ್ ಸರಿಯಾಗಿ ಅಷ್ಟೇ ಇರಬೇಕು, ಕರೆಂಟು (ಮಿಲಿಆಂಪ್) ವಾದ್ಯ ಕೇಳೋದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಪೋಲಾರಿಟಿ (ಪ್ಲಸ್, ಮೈನಸ್ ಯಾವ ಕಡೆ ಅನ್ನೋದು) ಹೊಂದಲೇಬೇಕು. ಗಿಟಾರ್ ಪೆಡಲ್‌ಗಳಲ್ಲಿ ಬಹುಪಾಲು 9 ವೋಲ್ಟ್, ಪಿನ್ನಿನ ನಡುಭಾಗ ನೆಗೆಟಿವ್. ಕೀಬೋರ್ಡ್‌ಗಳಲ್ಲಿ ಕಂಪನಿಗೊಂದು ಥರ. ಪಿನ್ ತೂರಿತು ಅಂದಮಾತ್ರಕ್ಕೆ ಹೊಂದಿತು ಅಂತ ಅಲ್ಲ, ವಾದ್ಯದ ಹಿಂದಿನ ಚಿತ್ರ ನೋಡಿಯೇ ಕೊಡಿ.

ಸಸ್ಟೇನ್ ಪೆಡಲ್ (ಒತ್ತಿದಾಗ ಸ್ವರ ಉಳಿಸೋದು): "ಪೆಡಲ್ ಉಲ್ಟಾ ಕೆಲಸ ಮಾಡ್ತಿದೆ, ಕಾಲು ತೆಗೆದಾಗ ಸ್ವರ ಉಳಿಯುತ್ತೆ" ಅಂದ್ರೆ ಕೀಬೋರ್ಡ್ ಆಫ್ ಮಾಡಿಸಿ, ಪೆಡಲ್ ಸಿಕ್ಕಿಸಿ, ಅದರ ಮೇಲೆ ಕಾಲಿಡದೆ ಆನ್ ಮಾಡಿಸಿ. ಎಷ್ಟೋ ಕೀಬೋರ್ಡ್‌ಗಳು ಆನ್ ಆಗೋ ಹೊತ್ತಿಗೆ ಪೆಡಲ್ ಯಾವ ಥರದ್ದು ಅಂತ ನೋಡಿಕೊಳ್ಳುತ್ತವೆ.

ಕೇಬಲ್: ಗಿಟಾರ್ ಕೇಬಲ್ ಮತ್ತು ಸ್ಪೀಕರ್ ಕೇಬಲ್ ಎರಡಕ್ಕೂ ಅದೇ 6.35 ಮಿ.ಮೀ. ಜ್ಯಾಕ್, ಹೊರಗಿನಿಂದ ಅವಳಿ ಮಕ್ಕಳು. ಒಳಗೆ ಒಂದಕ್ಕೆ ಸಣ್ಣ ತಂತಿ, ಸುತ್ತ ಶೀಲ್ಡ್ (ಹೊರಗಿನ ಗದ್ದಲ ತಡೆಯೋ ಲೋಹದ ಹೊದಿಕೆ). ಇನ್ನೊಂದಕ್ಕೆ ಎರಡು ದಪ್ಪ ತಂತಿ, ಶೀಲ್ಡ್ ಇಲ್ಲ. ಗಿಟಾರ್‌ಗೆ ಸ್ಪೀಕರ್ ಕೇಬಲ್ ಹಾಕಿದರೆ ಬರೀ ಗುಂಯ್ ಅನ್ನುತ್ತೆ. ಆಂಪ್ ಹೆಡ್‌ನಿಂದ (ಸ್ಪೀಕರ್ ಇಲ್ಲದ ಆಂಪ್) ಕ್ಯಾಬಿನೆಟ್‌ಗೆ (ಸ್ಪೀಕರ್ ಪೆಟ್ಟಿಗೆ) ಗಿಟಾರ್ ಕೇಬಲ್ ಹಾಕಿದರೆ ಅದು ಬಿಸಿಯಾಗಿ ಕರಗಬಹುದು. ಟ್ಯೂಬ್ ಆಂಪ್ ಆಗಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೂ ಸಂಚಕಾರ. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಆಂಪ್ ಆನ್ ಮಾಡಿ ಡೆಮೊ ಕೊಡೋಕೂ ಹೋಗಬೇಡಿ.

ಓಮ್: ಎರಡು 8 ಓಮ್ ಕ್ಯಾಬಿನೆಟ್ ಪ್ಯಾರಲಲ್ ಆದರೆ 4 ಓಮ್. ಆಂಪ್ ಹಿಂದೆ "ಕನಿಷ್ಠ 8" ಅಂತ ಬರೆದಿದ್ದರೆ ಎರಡನೇದು ಮಾರಬೇಡಿ.

ಮೈಕ್: ಕಂಡೆನ್ಸರ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ಕೇಬಲ್‌ನಲ್ಲೇ ಬರೋ ವಿದ್ಯುತ್) ಬೇಕು, ಡೈನಮಿಕ್‌ಗೆ ಬೇಡ. ಗಿರಾಕಿ ಹತ್ತಿರ ಫ್ಯಾಂಟಮ್ ಕೊಡೋ ಮಿಕ್ಸರ್ ಅಥವಾ ಆಡಿಯೋ ಇಂಟರ್‌ಫೇಸ್ ಇದೆಯಾ ಅಂತ ಕೇಳದೆ ಕಂಡೆನ್ಸರ್ ಕೊಟ್ಟರೆ ಮಾರನೇ ದಿನ ಅದು ಕೌಂಟರ್ ಮೇಲೆ ಹಾಜರ್.

ಸುಮ್ನೆ_ಓದೋನು:
ಮಿಡಿ ಕೇಬಲ್ ಸೇರಿಸಿ ಗುರು. ಅದರಲ್ಲಿ ಸೌಂಡ್ ಬರುತ್ತೆ ಅಂದುಕೊಂಡೇ ಅರ್ಧ ಜನ ತಗೊಳ್ಳೋದು.

ವೋಲ್ಟ್_ಓಮ್:
ಹೌದು. 1983ರಲ್ಲಿ ಬಂದ ಆ ಮಿಡಿ ಪದ್ಧತಿಯಲ್ಲಿ ಹರಿಯೋದು "ಈ ಮನೆ (ಕೀ) ಇಷ್ಟು ಜೋರಾಗಿ ಒತ್ತಿದ್ರು, ಈಗ ಬಿಟ್ರು" ಅನ್ನೋ ಸಂದೇಶ ಮಾತ್ರ. ಸದ್ದು ಹುಟ್ಟಿಸೋಕೆ ಆ ತುದಿಯಲ್ಲಿ ಬೇರೆ ಯಂತ್ರವೋ ಸಾಫ್ಟ್‌ವೇರೋ ಬೇಕು. ಸ್ವಂತ ಸದ್ದೇ ಇಲ್ಲದ ಮಿಡಿ ಕಂಟ್ರೋಲರನ್ನ ಕೀಬೋರ್ಡ್ ಅಂತ ಮಾರಿದ ಅಂಗಡಿಯವನಿಗೆ ಬೈಗುಳ ಗ್ಯಾರಂಟಿ.

ಬಿರಡೆ:
ಪಿಟೀಲಿನ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ಮಕ್ಕಳಿಗೆ ಸೈಜ್ ಕೊಡುವುದು ಅಂಗಡಿಯವರು ಕಡ್ಡಾಯವಾಗಿ ಕಲಿಯಬೇಕಾದ ಕೆಲಸ. ವಯಸ್ಸು ಕೇಳಿ ಕೊಡಬೇಡಿ, ಕೈ ಅಳೆದು ಕೊಡಿ. ಎಡಗೈ ನೇರ ಚಾಚಿಸಿ, ಕುತ್ತಿಗೆಯಿಂದ ಅಂಗೈ ನಡುವಿನವರೆಗೆ ಟೇಪ್ ಹಿಡಿಯಿರಿ. 58 ಸೆಂ.ಮೀ. ಆಸುಪಾಸು ಅಥವಾ ಮೇಲಿದ್ದರೆ ಪೂರ್ತಿ ಸೈಜ್, ಅದರ ಮೈ ಉದ್ದ 356 ಮಿ.ಮೀ. ಇರುತ್ತದೆ. ಆಮೇಲೆ ವಾದ್ಯವನ್ನು ಭುಜದ ಮೇಲಿಟ್ಟು ಪರೀಕ್ಷೆ: ಕೈ ಚಾಚಿದಾಗ ಬೆರಳುಗಳು ತುದಿಯ ಸುರುಳಿಯನ್ನು ಸುಲಭವಾಗಿ ಸುತ್ತಿ ಹಿಡಿಯಬೇಕು, ಮೊಣಕೈ ಸ್ವಲ್ಪ ಮಡಚಿರಬೇಕು. "ಬೆಳೆಯುವ ಮಗು, ಒಂದು ಸೈಜ್ ದೊಡ್ಡದೇ ಕೊಡಿ" ಎಂದು ಪೋಷಕರು ಹಟ ಹಿಡಿಯುತ್ತಾರೆ. ಒಪ್ಪಬೇಡಿ. ಮಣಿಕಟ್ಟು ತಿರುಚಿಕೊಂಡು, ಬೆರಳು ಸ್ವರ ಮುಟ್ಟದೆ ಮಗು ಕಲಿಕೆಯನ್ನೇ ಬಿಡುತ್ತದೆ. ಬಾಡಿಗೆಗೆ ಕೊಟ್ಟು ಸೈಜ್ ಬದಲಿಸಿಕೊಡುವ ವ್ಯವಸ್ಥೆ ಇದ್ದರೆ ಅದನ್ನು ವಿವರಿಸಿ.

ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಬೇಡಿ. ಒಳಗೆ ಎರಡು ಹಲಗೆಗಳ ನಡುವೆ ನಿಂತ ಕಡ್ಡಿಗೆ, ಅಂದರೆ ಸೌಂಡ್ ಪೋಸ್ಟಿಗೆ, ಅಂಟು ಹಾಕಿರುವುದಿಲ್ಲ, ತಂತಿಗಳ ಒತ್ತಡದಿಂದ ನಿಂತಿರುತ್ತದೆ. ಒತ್ತಡ ಹೋದರೆ ಕುದುರೆ (ತಂತಿಗಳನ್ನು ಹೊತ್ತ ಬ್ರಿಜ್) ಬೀಳುತ್ತದೆ, ಹಿಂದೆಯೇ ಪೋಸ್ಟ್ ಕೂಡ ಬೀಳಬಹುದು. ಪೋಸ್ಟ್ ಬಿದ್ದ ಪಿಟೀಲನ್ನು ಮತ್ತೆ ಬಿಗಿದರೆ ಮೇಲ್ಹಲಗೆ ಕುಸಿಯುತ್ತದೆ. ಒಂದೊಂದೇ ತಂತಿ ಬದಲಿಸಿ. ಶ್ರುತಿ ಏರಿಸುವಾಗ ಕುದುರೆ ಬೆರಳು ಹಲಗೆಯ ಕಡೆಗೆ ವಾಲುತ್ತದೆ, ಆಗಾಗ ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿ.

ಹೊಸ ಕಮಾನಿನಿಂದ ಸದ್ದೇ ಬರುತ್ತಿಲ್ಲ ಎಂಬ ದೂರು ಬಂದರೆ ಮೊದಲು ರೋಸಿನ್ (ರಾಳ) ಹಚ್ಚಿ. ಹೊಸ ಕೂದಲಿಗೆ ರೋಸಿನ್ ಇರುವುದಿಲ್ಲ. ಕೂದಲಿಗೂ ಕೋಲಿಗೂ ನಡುವೆ ಪೆನ್ಸಿಲ್ ದಪ್ಪದಷ್ಟು ಅಂತರ ಬರುವಷ್ಟೇ ಬಿಗಿ ಮಾಡಬೇಕು, ನುಡಿಸಿದ ಮೇಲೆ ಸಡಿಲಿಸಬೇಕು. ಇದನ್ನು ಬಿಲ್ ಮಾಡುವಾಗಲೇ ಹೇಳಿಬಿಡಿ.

ಕಪ್ಪುಬಿಳಿ_ಮನೆ:
ಹಾರ್ಮೋನಿಯಂ, ತಬಲಾ ಇಡೋ ಅಂಗಡಿಗೆ ಸೇರೋದಾದ್ರೆ ಅದರ ಪರೀಕ್ಷೆನೂ ಕಲಿತಿರಿ. ಹಾರ್ಮೋನಿಯಂ: ಸ್ಟಾಪ್‌ಗಳನ್ನ ಎಳೆದು, ಯಾವ ಮನೆನೂ ಒತ್ತದೆ ತಿದಿ ತುಂಬಿ ಬಿಡಿ. ಬೇಗ ಕುಸಿದರೆ ಎಲ್ಲೋ ಗಾಳಿ ಸೋರ್ತಿದೆ. ಮನೆ ಒತ್ತದೆಯೇ ಸ್ವರ ಬಂದ್ರೆ ಯಾವುದೋ ಮನೆ ಪೂರ್ತಿ ಮುಚ್ಚಿಕೊಳ್ತಿಲ್ಲ, ಕೆಳಗೆ ಧೂಳೋ ಸವೆದ ಸ್ಪ್ರಿಂಗೋ ಇರುತ್ತೆ. ಆಮೇಲೆ ಪ್ರತಿಯೊಂದು ಮನೆನೂ ಮೆಲ್ಲಗೆ ಗಾಳಿ ಬಿಟ್ಟು ನುಡಿಸಿ, ಯಾವ ರೀಡ್ (ಸ್ವರ ಹುಟ್ಟಿಸೋ ಲೋಹದ ತೆಳು ಪಟ್ಟಿ) ತಡವಾಗಿ ಬಾಯಿ ಬಿಡುತ್ತೆ ಅಂತ ಕಿವಿಗೊಡಿ. ಜೋರಾಗಿ ಹೊಡೆದರೆ ಈ ದೋಷ ಮುಚ್ಚಿಹೋಗುತ್ತೆ. ತಬಲಾ ಕೇಳೋರಿಗೆ ಮೊದಲ ಪ್ರಶ್ನೆ "ಯಾವ ಶ್ರುತಿಗೆ?" ಬಾಯಿ ಸಣ್ಣದಿದ್ದಷ್ಟೂ ಶ್ರುತಿ ಮೇಲೆ. ಹಾಡೋರ ಶ್ರುತಿ ಕೇಳದೆ ಕೊಟ್ಟ ದಾಯಾಂ (ಬಲಗೈ ತಬಲಾ) ಎಷ್ಟು ಬಡಿದರೂ ಅಲ್ಲಿಗೆ ಬರಲ್ಲ, ಹಟದಿಂದ ಏರಿಸಿದರೆ ಚರ್ಮ ಹರಿಯುತ್ತೆ.

ಲೆಕ್ಕದಕ್ಕ:
ವಾದ್ಯದ ಪಾಠ ಚೆನ್ನಾಗಿ ನಡೀತಿದೆ. ಆದರೆ ಪ್ರಶ್ನೆ ಕೇಳಿದ ತಮ್ಮ ಮ್ಯಾನೇಜರ್ ಆಗ್ಬೇಕು ಅಂದಿದ್ದಾನೆ. ಹಾಗಾದ್ರೆ ಈ ಲೆಕ್ಕ ನಿದ್ದೆಗಣ್ಣಲ್ಲೂ ಬರಬೇಕು.

70ಕ್ಕೆ ತಂದು 100ಕ್ಕೆ ಮಾರಿದರೆ ಮಾರ್ಜಿನ್ ಶೇ. 30, ಮಾರ್ಕಪ್ ಸುಮಾರು ಶೇ. 43. ಮಾರ್ಜಿನ್ ಮಾರಾಟದ ಬೆಲೆ ಮೇಲೆ, ಮಾರ್ಕಪ್ ತಂದ ಬೆಲೆ ಮೇಲೆ. ಇದೆರಡನ್ನ ಕಲಸಿಕೊಂಡವರು ಬೆಲೆ ಚೀಟಿನೇ ತಪ್ಪು ಬರೀತಾರೆ. ಈಗ ಶೇ. 10 ಡಿಸ್ಕೌಂಟ್ ಕೊಡಿ. 90 ಬಂತು, 70 ಕಳೆದರೆ ಉಳಿದದ್ದು 20. ಮೊದಲಿನಷ್ಟೇ ಒಟ್ಟು ಲಾಭ ಬರಬೇಕು ಅಂದ್ರೆ ಒಂದೂವರೆ ಪಟ್ಟು ಗಿಟಾರ್ ಮಾರಬೇಕು. "ಹತ್ತು ಪರ್ಸೆಂಟ್ ತಾನೇ" ಅನ್ನೋರು ಇದನ್ನ ಕಾಗದದ ಮೇಲೆ ಒಮ್ಮೆ ಬರೆದು ನೋಡಲಿ. ಬೆಲೆ ಇಳಿಸೋ ಬದಲು ಬ್ಯಾಗು, ಬೆಲ್ಟು, ಒಂದು ಸೆಟ್ ತಂತಿ ಸೇರಿಸಿ ಕೊಡೋದು ಮೇಲು. ಗಿರಾಕಿಗೆ ಅದು ಪೂರ್ತಿ ಬೆಲೆಯ ಸಾಮಾನು, ಅಂಗಡಿಗೆ ತಂದ ಬೆಲೆಯದ್ದು ಮಾತ್ರ.

ಆಮೇಲೆ ಸ್ಟಾಕ್ ತಿರುಗೋ ವೇಗ. ವರ್ಷದಲ್ಲಿ ಮಾರಿದ ಸಾಮಾನಿನ ಖರೀದಿ ಬೆಲೆಯನ್ನ ಸರಾಸರಿ ಸ್ಟಾಕಿನ ಖರೀದಿ ಬೆಲೆಯಿಂದ ಭಾಗಿಸಿ. 200 ಭಾಗಿಸು 100 ಅಂದ್ರೆ ವರ್ಷಕ್ಕೆ ಎರಡು ಸಲ ತಿರುಗಿತು. ಇನ್ನೊಂದು, ಸ್ಟಾಕ್‌ಗೆ ಹಾಕಿದ ದುಡ್ಡು ಎಷ್ಟು ಲಾಭ ತಂತು ಅನ್ನೋದು. ದುಬಾರಿ ಗಿಟಾರ್‌ಗಳಲ್ಲಿ 100 ಕೂತಿದ್ದು ವರ್ಷಕ್ಕೆ 60 ಲಾಭ ತಂದ್ರೆ 0.6. ತಂತಿ, ಪಿಕ್, ರೀಡ್‌ಗಳಲ್ಲಿ 10 ಕೂತು 40 ತಂದ್ರೆ 4. ಹಾಗಂತ ಗೋಡೆ ಖಾಲಿ ಮಾಡಿ ಬರೀ ತಂತಿ ಮಾರೋಕಾಗಲ್ಲ. ಜನ ಬರೋದೇ ಗೋಡೆ ನೋಡೋಕೆ. ಆದರೆ 10-46ರ ತಂತಿ ಸೆಟ್ (ಎಲೆಕ್ಟ್ರಿಕ್ ಗಿಟಾರ್‌ನ ಮಾಮೂಲಿ ದಪ್ಪದ್ದು) ಸ್ಟಾಕ್ ಇಲ್ಲ ಅನ್ನೋ ಮಾತು ಆ ಅಂಗಡಿಯಲ್ಲಿ ಯಾವತ್ತೂ ಬರಬಾರದು.

ಕೌಂಟರ್ ಕಾಕಾ:
ಅಕ್ಕಾರು ಹೇಳಿದ್ದು ಖರೇ ಅದ. ಆದ್ರ ಡಿಸ್ಕೌಂಟ್ ಒಟ್ಟ ಕೊಡಬ್ಯಾಡ ಅನ್ನೂದು ಪುಸ್ತಕದ ಮಾತಾತು. ಆರು ತಿಂಗಳಿಂದ ಗ್ವಾಡಿ ಮ್ಯಾಲೆ ನೇತಾಡೂ ಪೀಸಿಗೆ ಮಾರ್ಜಿನ್ ಎಲ್ಲಿಂದ ಹುಡುಕ್ತೀರಿ?

ಲೆಕ್ಕದಕ್ಕ:
ಒಟ್ಟ ಬೇಡ ಅಂತ ಎಲ್ಲಿ ಹೇಳಿದೆ ಕಾಕಾ? ಹಳೇ ಸ್ಟಾಕ್ ಖಂಡಿತ ಇಳಿಸಿ ಹೊರಗೆ ಹಾಕಿ. ನಾ ಹೇಳಿದ್ದು ನಿನ್ನೆ ಬಂದ ಹೊಸ ಮಾಡೆಲ್‌ಗೆ ಗಿರಾಕಿ ಬಾಯಿ ಬಿಡೋ ಮೊದಲೇ ಡಿಸ್ಕೌಂಟ್ ಹೇಳೋ ಹುಡುಗರ ಬಗ್ಗೆ. ಬಂದ ತಾರೀಖು ಪ್ರತಿ ಪೀಸಿನ ಟ್ಯಾಗ್ ಹಿಂದೆ ಸಂಕೇತದಲ್ಲಿ ಬರೆದಿಡಿ, ಯಾವುದನ್ನ ಇಳಿಸಬೇಕು ಅಂತ ಅದೇ ಹೇಳುತ್ತೆ. ಇನ್ನು ಎಣಿಕೆ: ವರ್ಷಕ್ಕೊಮ್ಮೆ ಎಲ್ಲಾ ಎಣಿಸೋದಕ್ಕೆ ಕಾಯದೆ ವಾರಕ್ಕೊಂದು ವಿಭಾಗ. ಪೆಡಲ್, ಮೈಕ್, ಹಾರ್ಮೋನಿಕಾ ಕಿಸೆಗೆ ಹೋಗೋ ಸೈಜು, ಅವು ಬೀಗದ ಗಾಜಿನೊಳಗಿರಲಿ.

ಊದುವಾತ:
ಹಾರ್ಮೋನಿಕಾ ಅಂದಕೂಡಲೆ ನೆನಪಾಯಿತು ಮಾರಾಯ್ರೆ, ಬಾಯಿಗೆ ಇಡುವ ಸಾಮಾನಿಗೆ ವಾಪಸ್ ಇಲ್ಲ ಎಂಬ ಬೋರ್ಡು ಕಣ್ಣಿಗೆ ಬೀಳುವ ಹಾಗೆ ಇರಬೇಕು. ರೀಡ್ (ಮೌತ್‌ಪೀಸಿಗೆ ಕಟ್ಟುವ ತೆಳು ಪಟ್ಟಿ) ಪೊಟ್ಟಣ ಬಿಚ್ಚಿದರೆ ಮುಗಿಯಿತು. ಟ್ರಯಲ್‌ಗೆ ಇಟ್ಟ ಮೌತ್‌ಪೀಸನ್ನು ಪ್ರತಿಯೊಬ್ಬರ ನಂತರ ತೊಳೆದು ಸೋಂಕು ತೆಗೆಯಬೇಕು. ಆದರೆ ಕುದಿಯುವ ನೀರು ಬೇಡ, ಎಬೊನೈಟ್ (ಗಟ್ಟಿ ರಬ್ಬರ್) ಮೌತ್‌ಪೀಸ್ ಬಣ್ಣಗೆಡುತ್ತದೆ, ಆಕಾರವೂ ತಪ್ಪುತ್ತದೆ.

ಸ್ಯಾಕ್ಸೋಫೋನ್, ಕ್ಲಾರಿನೆಟ್ ಕಲಿಯಲು ಶುರುಮಾಡುವವರಿಗೆ 2 ಅಥವಾ 2.5 ನಂಬರಿನ ರೀಡ್. "ದೊಡ್ಡ ನಂಬರ್ ಅಂದರೆ ಒಳ್ಳೇ ಕ್ವಾಲಿಟಿ" ಅಂತ 3.5 ಕೇಳುವವರು ಉಂಟು, ಅದು ಬಿಗಿತದ ನಂಬರು ಎಂದು ತಿಳಿಸಿ ಹೇಳಿ. ಆಲ್ಟೋ ಸ್ಯಾಕ್ಸ್ ಇ-ಫ್ಲ್ಯಾಟ್, ಟೆನರ್ ಮತ್ತು ಮಾಮೂಲಿ ಕ್ಲಾರಿನೆಟ್ ಬಿ-ಫ್ಲ್ಯಾಟ್. ಆಲ್ಟೋದಲ್ಲಿ ಸಿ ಎಂದು ಬರೆದದ್ದನ್ನು ಊದಿದರೆ ಕಿವಿಗೆ ಬೀಳುವುದು ಇ-ಫ್ಲ್ಯಾಟ್. ಪಿಯಾನೋ ನೋಟ್ಸ್ ನೋಡಿ ಜೊತೆಗೆ ಊದಿದವರು "ವಾದ್ಯದ ಶ್ರುತಿ ಸರಿ ಇಲ್ಲ" ಎಂದು ವಾಪಸ್ ತರುತ್ತಾರೆ. ಮತ್ತೆ ಟ್ರಂಪೆಟ್: "ಗಾಳಿಯೇ ಹೋಗುವುದಿಲ್ಲ" ಎಂದರೆ ಎಣ್ಣೆ ಹಾಕಲು ವಾಲ್ವ್ ತೆಗೆದು ಅದಲುಬದಲು ಮಾಡಿರುತ್ತಾರೆ, ಇಲ್ಲ ತಿರುಗಿಸಿ ಕೂರಿಸಿರುತ್ತಾರೆ. ವಾಲ್ವ್ ಮೇಲೆ 1, 2, 3 ಅಂತ ಗುರುತು ಉಂಟು. ಸರಿಯಾದ ಮನೆಯಲ್ಲಿ ಹಾಕಿ, ಗೈಡ್ ಕಟ್ಟನೆ ಕೂರುವವರೆಗೆ ಮೆಲ್ಲ ತಿರುಗಿಸಿದರೆ ಸರಿಯಾಯಿತು.

ಕಪ್ಪುತಟ್ಟೆ:
ಮ್ಯೂಸಿಕ್ ಅಂಗಡಿ ಅಂದ್ರೆ ರೆಕಾರ್ಡ್ ಅಂಗಡಿನೂ ಹೌದು ಸ್ವಾಮಿ. ಅಲ್ಲಿ ಕಲಿಯಬೇಕಾದ್ದು ಗ್ರೇಡಿಂಗ್, ಅಂದ್ರೆ ಹಳೇ ತಟ್ಟೆಯ ಸ್ಥಿತಿಗೆ ದರ್ಜೆ ಕೊಡೋದು. ಮಿಂಟ್, ನಿಯರ್ ಮಿಂಟ್, ವಿಜಿ (ವೆರಿ ಗುಡ್) ಪ್ಲಸ್, ವಿಜಿ, ಜಿ ಹೀಗೆ ಇಳಿಯುತ್ತೆ. ಜಿ ಅಂದ್ರೆ ಗುಡ್ ಅಂತ ಹೆಸರು, ಆದರೆ ಸಾಲುಸಾಲು ಗೀರು ಬಿದ್ದ ತಟ್ಟೆ ಅದು. ತಟ್ಟೆಗೆ ಒಂದು ಗ್ರೇಡ್, ಕವರಿಗೆ ಬೇರೆ ಗ್ರೇಡ್. ಜೋರು ಬೆಳಕಿನ ಕೆಳಗೆ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ತಾಗೋ ಗೀರು ಸಾಮಾನ್ಯವಾಗಿ ಕಿವಿಗೂ ತಾಗುತ್ತೆ. ಎಷ್ಟನೇ ಪ್ರೆಸ್ಸಿಂಗ್ (ಎಷ್ಟನೇ ಸಲ ಅಚ್ಚಾದದ್ದು) ಅಂತ ತಿಳಿಯೋಕೆ ಲೇಬಲ್ ಸುತ್ತ ಖಾಲಿ ಜಾಗದಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ನಂಬರ್ ನೋಡಬೇಕು, ಕವರ್ ಮೇಲಿನ ವರ್ಷ ನಂಬಬಾರದು.

ನಿಮಿಷಕ್ಕೆ 33⅓ ಸುತ್ತು ತಿರುಗೋ ಎಲ್‌ಪಿ ಬಂದದ್ದು 1948ರಲ್ಲಿ, 45 ಬಂದದ್ದು 1949ರಲ್ಲಿ. ಅದಕ್ಕೂ ಹಿಂದಿನ 78ರ ತಟ್ಟೆಗಳಲ್ಲಿ ಸೂಜಿ ಓಡೋ ತೋಡು ಅಗಲ, ಎಲ್‌ಪಿ ಸೂಜಿ ತಳಕ್ಕೆ ಇಳಿದು ಕರಕರ ಅನ್ನುತ್ತೆ, ಸೂಜಿನೂ ಹಾಳು. ಬೇರೆ ಸೂಜಿ ಬೇಕು ಅಂತ ಹೇಳಿ ಮಾರಿ. ಹೊಸ ಟರ್ನ್‌ಟೇಬಲ್ "ಸೌಂಡೇ ಸಣ್ಣ, ಬೇಸ್ ಇಲ್ಲ" ಅಂತ ಬಂದರೆ ಫೋನೋ ಪ್ರೀಆಂಪ್ (ಸೂಜಿಯ ಸಣ್ಣ ಸಿಗ್ನಲ್ ಏರಿಸೋ ಸರ್ಕ್ಯೂಟ್) ಇಲ್ಲದೆ ನೇರ ಲೈನ್ ಇನ್‌ಪುಟ್‌ಗೆ ಸಿಕ್ಕಿಸಿರ್ತಾರೆ.

ಪಾರ್ಸಲ್ ಕಳಿಸೋವಾಗ ತಟ್ಟೆಯನ್ನ ಒಳಕವರ್ ಸಮೇತ ಹೊರಕವರಿನಿಂದ ತೆಗೆದು ಹಿಂದೆ ಇಡಿ. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಸೀಳಿಕೊಂಡು ಹೊರಬರುತ್ತೆ. ಅಂಗಡಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ.

ಸುಮ್ನೆ_ಓದೋನು:
ಒಂದು ಡೌಟು. ಮಾಮೂಲಿ 440ರ ಬದಲು 432 ಹರ್ಟ್ಸ್‌ಗೆ ಟ್ಯೂನ್ ಮಾಡಿಕೊಡಿ ಅಂತ ಬರೋರಿಗೆ ಏನು ಹೇಳೋದು?

ಬೆಂಚ್ ಮೇಷ್ಟ್ರು:
ಟ್ಯೂನರ್‌ನಲ್ಲಿ 432ಕ್ಕೆ ಇಟ್ಟು ಮಾಡಿಕೊಡಿ. ಎ ಸ್ವರಕ್ಕೆ 440 ಅನ್ನೋದು ಐಎಸ್‌ಒ 16 ಅನ್ನೋ ಅಂತರರಾಷ್ಟ್ರೀಯ ಮಾನಕದಲ್ಲಿ 1975ರಲ್ಲಿ ಮತ್ತೊಮ್ಮೆ ಬರೆದಿಟ್ಟ ಒಪ್ಪಂದ, ಪ್ರಕೃತಿ ನಿಯಮ ಏನಲ್ಲ. ಗಿಟಾರ್‌ಗೆ ಅದರಿಂದ ಹಾನಿಯೂ ಇಲ್ಲ. ಬೇರೆಯವರ ಜೊತೆ ನುಡಿಸುವಾಗ ಹೊಂದಲ್ಲ ಅಂತ ಒಂದು ಮಾತು ಹೇಳಿ ಸುಮ್ಮನಾಗಿ. ಕೌಂಟರಲ್ಲಿ ವಾದ ಗೆದ್ದೋನು ಗಿರಾಕಿ ಕಳ್ಕೋತಾನೆ.

ಸುಮ್ನೆ_ಓದೋನು:
ಇನ್ನೊಂದು. ರೋಸ್‌ವುಡ್ ಇರೋ ಗಿಟಾರ್ ಹೊರದೇಶದ ಗಿರಾಕಿಗೆ ಕಳಿಸೋ ಹಾಗಿಲ್ಲ ಅಂತಾರಲ್ಲ?

ನಟ್_ಬೋಲ್ಟ್:
ಅದು ಹಳೇ ಸುದ್ದಿ. 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲದ ಎಲ್ಲ ರೋಸ್‌ವುಡ್ಡೂ ಸೈಟಿಸ್ (ಅಳಿವಿನ ಅಪಾಯದ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಗೆ ಬಂದು ವ್ಯಾಪಾರಕ್ಕೆ ಪರ್ಮಿಟ್ ಬೇಕಾಗಿತ್ತು. 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ, ಅವುಗಳ ಬಿಡಿಭಾಗಗಳಿಗೆ ವಿನಾಯಿತಿ ಸಿಕ್ಕಿದೆ. ಬ್ರೆಜಿಲಿಯನ್ ರೋಸ್‌ವುಡ್ ಮಾತ್ರ 1992ರಿಂದ ಮೊದಲನೇ ಪಟ್ಟಿಯಲ್ಲೇ ಇದೆ, ಅದಕ್ಕೆ ಈ ವಿನಾಯಿತಿ ಇಲ್ಲ. ಹಳೇ ದುಬಾರಿ ಗಿಟಾರ್ ಕೊಳ್ಳೋವಾಗ ಮರ ಯಾವುದು ಅಂತ ಕೇಳೋದು ಅದಕ್ಕೇ. ಆಯಾ ದೇಶದ ಕಾನೂನು ಬೇರೆ ಇರಬಹುದು, ಕಳಿಸೋ ಮುಂಚೆ ನೋಡಿಕೊಳ್ಳಿ.

ಹಳೇ ವಾದ್ಯ ಕೊಳ್ಳೋ ಮಾತು ಬಂತಲ್ಲ, ಇದನ್ನೂ ಸೇರಿಸ್ತೀನಿ. ಸೀರಿಯಲ್ ನಂಬರ್ ಬರೆದುಕೊಳ್ಳಿ, ಮಾರೋರ ಗುರುತಿನ ದಾಖಲೆ ನೋಡಿ, ಕದ್ದ ಮಾಲು ಬರೋ ಬಾಗಿಲು ಇದೇ. ಹೆಡ್‌ಸ್ಟಾಕ್ (ಬಿರಡೆಗಳಿರೋ ತಲೆ) ಕತ್ತಿಗೆ ಸೇರೋ ಜಾಗದಲ್ಲಿ ಅಂಟಿಸಿದ ಬಿರುಕಿದೆಯಾ ನೋಡಿ. ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತಾ, ಮೊದಲ ಮೂರು ಫ್ರೆಟ್‌ನಲ್ಲಿ ತಂತಿಯ ಕೆಳಗೆ ಗುಳಿ ಬಿದ್ದಿದೆಯಾ ನೋಡಿ. ನಾಬ್ ತಿರುಗಿಸಿದಾಗ ಬರೀ ಕರಕರ ಅಂದ್ರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಆದರೆ ಫ್ರೆಟ್ ಪೂರ್ತಿ ಸವೆದಿದ್ದರೆ ರಿಪೇರಿ ಖರ್ಚು ಕಳೆದೇ ಬೆಲೆ ಹೇಳಬೇಕು.

ಹೊಸಬ_ಆರುತಂತಿ:
ಇಷ್ಟೊಂದು ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಡಿಗ್ರಿ ಮತ್ತು ಇಂಟರ್‌ವ್ಯೂ ಪ್ರಶ್ನೆ ಹಾಗೇ ಉಳಿಯಿತು.

ಲೆಕ್ಕದಕ್ಕ:
ಡಿಗ್ರಿ ಕೌಂಟರ್ ಕೆಲಸಕ್ಕೆ ಬೇಡ. ವಾದ್ಯ ತಯಾರಿಸೋ ಕಂಪನಿ, ವಿತರಕರು, ದೊಡ್ಡ ಸರಣಿ ಅಂಗಡಿಗಳ ಖರೀದಿ ವಿಭಾಗ, ಇಲ್ಲಿಗೆ ಹೋಗೋ ಆಸೆ ಇದ್ದರೆ ಉಪಯೋಗ. ಅದಕ್ಕೂ ಮೊದಲು ಸ್ಪ್ರೆಡ್‌ಶೀಟ್ ಚೆನ್ನಾಗಿ ಕಲಿ. ಈ ವ್ಯಾಪಾರಕ್ಕೇ ಮೀಸಲಾದ ತರಬೇತಿ ಬೇಕು ಅಂದ್ರೆ ನ್ಯಾಮ್ ಅನ್ನೋ ವ್ಯಾಪಾರಿಗಳ ಸಂಘ ಇದೆ, 1901ರಲ್ಲಿ ಶುರುವಾದದ್ದು, ಅದರ ಪಾಠಗಳನ್ನ ನೋಡು. ಅಮೆರಿಕದ ಸ್ವೀಟ್‌ವಾಟರ್ ಕಂಪನಿ ಹೊಸ ಸೇಲ್ಸ್‌ನವರನ್ನ ಗಿರಾಕಿಗಳ ಫೋನ್ ಎತ್ತೋಕೆ ಬಿಡೋ ಮುಂಚೆ 13 ವಾರ ಕೂರಿಸಿ ಕಲಿಸುತ್ತೆ. ಅಂದ್ರೆ ಪೂರ್ತಿ ಸಿದ್ಧನಾದ ಮೇಲೇ ಅರ್ಜಿ ಹಾಕಬೇಕು ಅಂತ ಕಾಯಬೇಕಿಲ್ಲ.

ಬಿರಡೆ:
ಕೋರ್ಸ್ ಮಾಡಲೇಬೇಕೆಂದರೆ ವಾದ್ಯ ರಿಪೇರಿಯ ಚಿಕ್ಕ ಕೋರ್ಸ್ ಮಾಡಿ, ನನ್ನ ಮತ ಅದಕ್ಕೇ. ಮತ್ತೆ ಪುಸ್ತಕದ ಕೌಂಟರನ್ನು ಮರೆಯಬೇಡಿ. "ಗ್ರೇಡ್ 3 ಪುಸ್ತಕ ಕೊಡಿ" ಎಂದು ಬಂದವರಿಗೆ ಮೂರು ಪ್ರಶ್ನೆ ಕೇಳದೆ ಕೊಡಬೇಡಿ: ಯಾವ ವಾದ್ಯ, ಯಾವ ಪರೀಕ್ಷಾ ಮಂಡಳಿ, ಯಾವ ಸಾಲಿನ ಸಿಲಬಸ್. ಎಬಿಆರ್‌ಎಸ್‌ಎಂ ಪುಸ್ತಕ ಬೇರೆ, ಟ್ರಿನಿಟಿ ಪುಸ್ತಕ ಬೇರೆ, ಸಿಲಬಸ್ ಬದಲಾದರೆ ಹಳೆಯ ಪುಸ್ತಕ ಪರೀಕ್ಷೆಗೆ ಸಲ್ಲದಿರಬಹುದು.

ಕೌಂಟರ್ ಕಾಕಾ:
ಇಂಟರ್‌ವ್ಯೂದಾಗ ನುಡಸಂತ ಅಂದ್ರ ನಾಕ ಕಾರ್ಡ್ ಚೊಕ್ಕ ನುಡಸಿ ನಿಲ್ಲಸ್ರಿ. ಅವರ ನೋಡೂದು ಬ್ಯಾರೇನ ಇರತದ. ಗಿಟಾರ್ ಕೈಗೆ ಬಂದ ಕೂಡ್ಲೆ ಶ್ರುತಿ ನೋಡತಾನೋ ಇಲ್ಲೋ, ಬೆಲ್ಟಿನ ಬಕಲ್ ಹಿಂದಿನ ಹಲಗಿಗೆ ತಾಗದಂಗ ಹಿಡೀತಾನೋ ಇಲ್ಲೋ, ಜ್ಯಾಕ್ ಹಚ್ಚೂ ಮುಂಚೆ ಆಂಪಿನ ವಾಲ್ಯೂಮ್ ಸೊನ್ನಿಗೆ ತರತಾನೋ ಇಲ್ಲೋ.

ಆಮ್ಯಾಲ "ನಾ ಗಿರಾಕಿ ಅಂತ ತಿಳಕೋ, ಮಗಳಿಗೆ ಗಿಟಾರ್ ಬೇಕು" ಅಂತಾರ. ಮಾಡೆಲ್ ಹೆಸರು ಉದರಸ್ಬ್ಯಾಡ್ರಿ. ವಯಸ್ಸೆಷ್ಟು, ಎಡಗೈಯೋ ಬಲಗೈಯೋ, ಟೀಚರ್ ಏನ ಹೇಳ್ಯಾರ, ಯಾವ ಹಾಡು ನುಡಸೂ ಆಸೆ, ಎಷ್ಟರೊಳಗ ಮುಗಸಬೇಕು, ಇಷ್ಟ ಕೇಳಿ ಎರಡ ಗಿಟಾರ್ ಇಳಿಸ್ರಿ. ಐದಾರ ಇಳಿಸಿದ್ರ "ವಿಚಾರ ಮಾಡಿ ಬರ್ತೀವಿ" ಅಂತ ಹೋಗ್ತಾರ. ಟೀಚರ್ ನೈಲಾನ್ ಅಂದಿದ್ರ ನೈಲಾನ್ ಗಿಟಾರನ ಕೊಡ್ರಿ. ಅದಕ್ಕ ಮುಂದ ಸ್ಟೀಲ್ ತಂತಿ ಹಾಕಬ್ಯಾಡ್ರಿ ಅಂತ ಒತ್ತಿ ಹೇಳ್ರಿ. ನೈಲಾನ್ ಸೆಟ್ಟಿನ ಎಳೆತ ಒಟ್ಟು 40 ಕೆ.ಜಿ. ಹತ್ರ, ಸ್ಟೀಲಿಂದು 70 ದಾಟತದ. ಬ್ರಿಜ್ ಕಿತ್ತ ಬರತದ.

ನಟ್_ಬೋಲ್ಟ್:
ಕೆಲವು ಕಡೆ ಗಿಟಾರ್ ಕೊಟ್ಟು ತಂತಿ ಬದಲಾಯಿಸು ಅಂತಾರೆ. ಕಾಲು ಗಂಟೆಯಲ್ಲಿ ಮುಗಿಸೋ ಹಾಗೆ ಅಭ್ಯಾಸ ಮಾಡಿ.

ಹೊಸಬ_ಆರುತಂತಿ:
ಅದನ್ನೇ ಈ ವಾರದಿಂದ ಶುರುಮಾಡ್ತೀನಿ. ಅಕೌಸ್ಟಿಕ್‌ನಲ್ಲಿ ತಂತಿ ಬಿಗಿ ಮಾಡುವಾಗ ಬ್ರಿಜ್ ಪಿನ್ ಟಪ್ ಅಂತ ಎಗರುತ್ತೆ, ಯಾಕೆ?

ನಟ್_ಬೋಲ್ಟ್:
ತಂತಿ ತುದಿಯ ಉಂಡೆ ಪಿನ್ನಿನ ಕೆಳಗೆ ಕೂತಿದೆ, ಅದಕ್ಕೆ. ಉಂಡೆ ಒಳಹಲಗೆಯ ತಳಕ್ಕೆ ತಗುಲಿ ನಿಲ್ಲಬೇಕು. ತೂರಿಸೋ ಮುಂಚೆ ತಂತಿ ತುದಿಯನ್ನ ಉಂಡೆ ಹತ್ತಿರ ಸ್ವಲ್ಪ ಬಗ್ಗಿಸಿ, ಪಿನ್ನಿನ ಸೀಳು ಕತ್ತಿನ ಕಡೆಗಿರಲಿ. ಪಿನ್ ಮೆಲ್ಲಗೆ ಒತ್ತುತ್ತಾ ಇನ್ನೊಂದು ಕೈಯಲ್ಲಿ ತಂತಿ ಮೇಲಕ್ಕೆ ಎಳೆಯಿರಿ, ಉಂಡೆ ಕೂತದ್ದು ಕೈಗೇ ಗೊತ್ತಾಗುತ್ತೆ. ಆ ಕಡೆ ಬಿರಡೆಯಿಂದಾಚೆ ಸುಮಾರು 5 ಸೆಂ.ಮೀ. ಸಡಿಲ ಬಿಟ್ಟು ಸುತ್ತಿ. ದಪ್ಪ ತಂತಿಗೆ ಎರಡು-ಮೂರು ಸುತ್ತು, ಸಣ್ಣದಕ್ಕೆ ಇನ್ನೊಂದೆರಡು, ಸುತ್ತುಗಳು ಒಂದರ ಕೆಳಗೊಂದು ಇಳಿಯಲಿ. ಆಮೇಲೆ ತಂತಿಯನ್ನ ಕೈಯಲ್ಲಿ ಮೆಲ್ಲಗೆ ಎಳೆದು ಎಳೆದು ಮತ್ತೆ ಶ್ರುತಿ ಮಾಡಿ, ಇಳಿಯೋದು ನಿಲ್ಲೋವರೆಗೆ.

ಬೆಂಚ್ ಮೇಷ್ಟ್ರು:
ತೇಲುವ ಟ್ರೆಮೊಲೋ (ಸ್ಪ್ರಿಂಗ್ ಬಲದಲ್ಲಿ ನಿಂತು ಆಡೋ ಬ್ರಿಜ್) ಇರೋ ಎಲೆಕ್ಟ್ರಿಕ್ ಕೊಟ್ಟರೆ ಮಾತ್ರ ಆರೂ ಒಟ್ಟಿಗೆ ಬಿಚ್ಚಬೇಡಿ. ಒಂದೊಂದೇ ಬದಲಿಸಿ, ಇಲ್ಲ ಬ್ರಿಜ್ ಕೆಳಗೆ ಮರದ ತುಂಡು ಕೊಟ್ಟು ನಿಲ್ಲಿಸಿಕೊಳ್ಳಿ. ಇಲ್ಲಾಂದ್ರೆ ಸ್ಪ್ರಿಂಗ್ ಬ್ರಿಜ್ಜನ್ನ ಒಳಕ್ಕೆ ಎಳೆದುಬಿಡುತ್ತೆ, ಕಾಲು ಗಂಟೆ ಕೆಲಸ ಒಂದು ಗಂಟೆಗೆ ಹೋಗುತ್ತೆ.